ಅರವತ್ತನಾಲ್ಕನೆಯ ವಾಕ್ಯ

ನನ್ನ ಅಂಗಡಿಗೆ ಬರುವವರು ಎರಡು ಯಂತ್ರ ಮತ್ತು ಒಂದು ನೋಟ್‌ಬುಕ್ಕು ತರಬೇಕು. ಹೊರಗಿನ ಬೋರ್ಡಿನಲ್ಲಿ ದಪ್ಪ ಅಕ್ಷರದಲ್ಲಿ ಬರೆಸಿದ್ದೇನೆ. ಆದರೂ ಅರ್ಧ ಜನ ನೋಟ್‌ಬುಕ್ಕು ಮರೆತು ಬರುತ್ತಾರೆ, ಪೆನ್ನನ್ನಂತೂ ಎಲ್ಲರೂ ಮರೆಯುತ್ತಾರೆ. ಹಳೆಯ ಕಂಪ್ಯೂಟರಿನಲ್ಲಿರುವ ಪುಸ್ತಕಗಳನ್ನು ಅವರ ಹೊಸ ಮೊಬೈಲಿಗೋ ಟ್ಯಾಬಿಗೋ ಸಾಗಿಸಿ ಕೊಡುವುದು ನನ್ನ ಕೆಲಸ. ಇದೇನು ಮಹಾ ಕೆಲಸ, ಕೇಬಲ್ ಚುಚ್ಚಿ ಎಳೆದು ಬಿಟ್ಟರಾಯಿತಲ್ಲ ಎಂದು ಒಬ್ಬಾತ ನನ್ನ ಮುಂದೆಯೇ ನಕ್ಕಿದ್ದ. ಅವನು ಬೇರೆ ಊರಿನವನು, ಅದಕ್ಕೇ ಕ್ಷಮಿಸಿದೆ.

ನಮ್ಮ ಊರಿನಲ್ಲಿ ಒಂದು ಪುಸ್ತಕ ಒಂದೇ ಕಡೆ ಇರುತ್ತದೆ. ಮೊಬೈಲಿಗೆ ಹೋಯಿತೆಂದರೆ ಕಂಪ್ಯೂಟರಿನಲ್ಲಿ ಇರುವುದಿಲ್ಲ. ಹೀಗೆ ಹೋಗುವಾಗ ಪ್ರತಿ ಪುಸ್ತಕದಿಂದಲೂ ಒಂದು ವಾಕ್ಯ ಉದುರುತ್ತದೆ. ಯಾವುದು ಎಂದು ಮೊದಲೇ ಹೇಳಲಾಗದು. ಉದುರಿದ್ದು ಸಾಗಿಸಿದವರ ಬಾಯಿಗೆ ಬರುತ್ತದೆ. ಅದನ್ನು ನಾನು ಪುಸ್ತಕದವರಿಗೆ ಹೇಳಬೇಕು, ಅವರು ಬರೆದುಕೊಳ್ಳಬೇಕು. ಹೇಳಿದ ಕ್ಷಣವೇ ಅದು ನನ್ನ ನೆನಪಿನಿಂದ ಹೋಗುತ್ತದೆ, ಆಮೇಲೆ ಬ್ರಹ್ಮ ಬಂದು ಕೇಳಿದರೂ ಹೇಳಲಾರೆ. ಹೇಳದೆ ಉಳಿಸಿಕೊಂಡರೆ ಸಾಯುವತನಕ ಬಾಯಲ್ಲೇ ಇರುತ್ತದೆ. ಮಾತು ಆಡಿದರೆ ಹೋಯಿತು, ಮುತ್ತು ಒಡೆದರೆ ಹೋಯಿತು ಎಂದು ಬೇರೆ ಕಡೆ ಗಾದೆಯಾಗಿ ಹೇಳುತ್ತಾರಂತೆ. ನಮ್ಮಲ್ಲಿ ಅದು ದಿನದ ಕೆಲಸ. ಉದುರಿದ್ದನ್ನು ಟೈಪ್ ಮಾಡಿ ಮತ್ತೆ ಸೇರಿಸೋಣವೆಂದರೆ ಬೆಳಗಾಗುವುದರೊಳಗೆ ಅಳಿಸಿಹೋಗಿರುತ್ತದೆ. ಕೈಬರಹದಲ್ಲಿ ಬರೆದದ್ದು ಮಾತ್ರ ನಿಲ್ಲುತ್ತದೆ. ಹಾಗಾಗಿ ಎಲ್ಲರ ಮನೆಯಲ್ಲೂ ಒಂದು ಉದುರುಪಟ್ಟಿ ಇರುತ್ತದೆ. ಮೊಬೈಲಿನಲ್ಲಿ ಓದುವಾಗ ಅದನ್ನು ಪಕ್ಕದಲ್ಲಿಟ್ಟುಕೊಂಡು ಓದುತ್ತೇವೆ.

ಹೋದ ವರ್ಷ ಬಟ್ಟೆ ಅಂಗಡಿಯ ಪದ್ಮನಾಭ ಶೆಟ್ಟರು ಮುನ್ನೂರ ಹನ್ನೆರಡು ಪುಸ್ತಕಗಳನ್ನು ಒಟ್ಟಿಗೆ ಟ್ಯಾಬಿಗೆ ಹಾಕಿಸಿದರು. ಬೇಡ ಶೆಟ್ಟರೇ, ದಿನಕ್ಕೆ ಇಪ್ಪತ್ತರ ಹಾಗೆ ಹಾಕೋಣ ಎಂದರೆ ಕೇಳಲಿಲ್ಲ. ಎರಡು ದಿನ ನಾನು ಹೇಳಿದೆ, ಅವರು ಬರೆದರು. ನಡುವೆ ಒಮ್ಮೆ ಪೆನ್ನು ಎಸೆದು, ಕೊಲೆಗಾರನ ಹೆಸರು ಹೇಳಿಬಿಟ್ಟಿರಲ್ಲ, ಆ ಪತ್ತೇದಾರಿ ಪುಸ್ತಕ ನಾನಿನ್ನೂ ಓದೇ ಇರಲಿಲ್ಲ ಎಂದು ರೇಗಿದರು. ನಾನು ಏನು ಹೇಳಿದ್ದೆನೋ ನನಗೆ ಆಗಲೇ ನೆನಪಿರಲಿಲ್ಲ. ನಗು ಬಂದಿತ್ತು, ಅದೊಂದು ನೆನಪಿದೆ.

ಇದರಲ್ಲಿ ಕೆಟ್ಟ ಕೆಲಸವೂ ಒಂದಿದೆ. ಅಳಿಸು ಎಂಬ ಗುಂಡಿ ನಮ್ಮ ಯಂತ್ರಗಳಲ್ಲಿ ನಡೆಯುವುದಿಲ್ಲ. ಒಂದು ಪುಸ್ತಕ ಬೇಡವೆಂದರೆ ಎರಡು ಯಂತ್ರಗಳ ನಡುವೆ ಅದನ್ನು ಅತ್ತಿಂದಿತ್ತ ಇತ್ತಿಂದತ್ತ ಸಾಗಿಸುತ್ತ ಹೋಗಬೇಕು. ಸಲಕ್ಕೊಂದು ವಾಕ್ಯ ಉದುರಿ ಉದುರಿ ಕೊನೆಗೆ ಹೆಸರು ಮಾತ್ರ ಉಳಿಯುತ್ತದೆ. ಬರಿದು ಮಾಡುವುದು ಎನ್ನುತ್ತಾರೆ ಇದನ್ನು. ನಾನು ಹದಿನೇಳು ವರ್ಷದಲ್ಲಿ ಒಂದೇ ಒಂದು ಪುಸ್ತಕ ಬರಿದು ಮಾಡಿದ್ದೇನೆ. ಅದರ ವಿಷಯವನ್ನೇ ಈಗ ಹೇಳಲು ಕೂತಿರುವುದು.

ಕಪನೀಪತಿ ಮೇಷ್ಟ್ರು ನನಗೆ ಓದು ಕಲಿಸಿದವರು. ನಾಲ್ಕನೇ ತರಗತಿಯವರೆಗೆ ನನಗೆ ಅಕ್ಷರ ಕೂಡಿಸಲು ಬರುತ್ತಿರಲಿಲ್ಲ. ಬೇರೆ ಮೇಷ್ಟ್ರುಗಳು ನನ್ನ ಬೆನ್ನಿನ ಮೇಲೆ ಬೆತ್ತದಿಂದ ಬರೆದು ಕಲಿಸಲು ನೋಡಿದರು. ಕಪನೀಪತಿ ಮೇಷ್ಟ್ರು ಬೆತ್ತವನ್ನೇ ಮುಟ್ಟಿದವರಲ್ಲ. ಪಕ್ಕದಲ್ಲಿ ಕೂರಿಸಿಕೊಂಡು, ಬೆರಳಿನ ಕೆಳಗೆ ಬೆರಳಿಟ್ಟು, ಒಂದೇ ತಿಂಗಳಲ್ಲಿ ಓದಿಸಿದರು. ಇಡೀ ಊರೇ ಅವರನ್ನು ದೇವರಂಥ ಮನುಷ್ಯ ಎನ್ನುತ್ತಿತ್ತು. ಐವತ್ತಕ್ಕೇ ಕೆಲಸ ಬಿಟ್ಟರು, ಆಮೇಲೆ ಮಾತೂ ಕಡಿಮೆ ಮಾಡಿದರು. ದಾರಿಯಲ್ಲಿ ಸಿಕ್ಕರೆ ತಲೆ ಆಡಿಸುವುದು, ಅಷ್ಟೆ. ಹೆಂಡತಿ ತೀರಿಕೊಂಡಿದ್ದಕ್ಕೆ ಹಾಗಾದರು ಎಂದು ನಾವೆಲ್ಲ ಅಂದುಕೊಂಡಿದ್ದೆವು.

ಈ ವರ್ಷ ಚಳಿ ಮುಗಿಯುವ ಹೊತ್ತಿಗೆ ಅವರು ನನಗೆ ಆಸ್ಪತ್ರೆಯಿಂದ ಹೇಳಿ ಕಳಿಸಿದರು. ಎರಡನೇ ವಾರ್ಡಿನ ಕಿಟಕಿ ಪಕ್ಕದ ಮಂಚ. ಹೊಟ್ಟೆಯ ಮೇಲೆ ದಿಂಬು, ದಿಂಬಿನ ಮೇಲೆ ಹಳೇ ಲ್ಯಾಪ್‌ಟಾಪು. ನಾನು ಹೋದಾಗ ಕಣ್ಣು ಮುಚ್ಚಿಕೊಂಡು, ಪಾಠ ಒಪ್ಪಿಸುವ ಮಕ್ಕಳ ದನಿಯಲ್ಲಿ, "ಅಮ್ಮ ನೀರು ಕುಡಿಯುವಾಗಲೂ ಬಾಗಿಲಿನ ಕಡೆ ನೋಡುತ್ತಾಳೆ" ಎನ್ನುತ್ತಿದ್ದರು. ಬಾಯಾರಿಕೆಯಾಗಿ ಬಡಬಡಿಸುತ್ತಿದ್ದಾರೆ ಎಂದುಕೊಂಡು ಒಂದು ಲೋಟ ನೀರು ಕೊಟ್ಟೆ. ಅವರು ಕಣ್ಣು ಬಿಟ್ಟು, ನೀರನ್ನೂ ನನ್ನನ್ನೂ ನೋಡಿ, ಸುಮ್ಮನೆ ಕುಡಿದರು.

ಮಗಳಿಗಾಗಿ ಒಂದು ಪುಸ್ತಕ ಬರೆದಿದ್ದೇನೆ, ಅವಳ ಮೊಬೈಲಿಗೆ ಹಾಕಿ ಕೊಡಬೇಕು ಎಂದರು. ತೆರೆದು ನೋಡಿದರೆ ಅಕ್ಷರವೆಲ್ಲ ಒಡೆದು ಚೂರಾಗಿತ್ತು. ಯಾವ ಕಾಲದ್ದೋ ಫಾಂಟು, ಮೊಬೈಲಿನಲ್ಲಿ ತೆರೆದರೆ ಬರೀ ಗೀಟು, ಚುಕ್ಕೆ, ಇಂಗ್ಲಿಷಿನ ತುಂಡುಗಳು. ಅಲ್ಲೇ ಕೂತು ಹೊಸ ಅಕ್ಷರಕ್ಕೆ ಬದಲಾಯಿಸಿದೆ, ಪುಟವನ್ನು ಸಣ್ಣ ಪರದೆಗೆ ಹೊಂದಿಸಿದೆ. ಗಿರಾಕಿಗಳ ಪುಸ್ತಕ ಓದಬಾರದೆಂಬುದು ನಮ್ಮ ಕಸುಬಿನ ಕಟ್ಟು, ಹಾಗಾಗಿ ಓದಲಿಲ್ಲ. ವಾಕ್ಯಗಳನ್ನು ಮಾತ್ರ ಎಣಿಸಿದೆ. ಅರವತ್ತನಾಲ್ಕು. ಮೇಲೆ 'ಇಂದ್ರಾಣಿಗೆ' ಎಂದು ಹೆಸರು.

ಇಂದ್ರಾಣಿ ಕೆರೆಯಾಚೆಯ ಬಡಾವಣೆಯಲ್ಲಿ ಹೊಲಿಗೆ ಕಲಿಸುತ್ತಾಳೆ. ನನಗಿಂತ ಹತ್ತು ವರ್ಷಕ್ಕೆ ಚಿಕ್ಕವಳು. ಹತ್ತೊಂಬತ್ತನೇ ವಯಸ್ಸಿಗೆ ಅಪ್ಪನ ಮನೆ ಬಿಟ್ಟು ಸೋದರತ್ತೆಯ ಮನೆ ಸೇರಿದವಳು ಮತ್ತೆ ಅಪ್ಪನ ಹೊಸ್ತಿಲು ತುಳಿದಿರಲಿಲ್ಲ. ಮಗಳು ಗಯ್ಯಾಳಿ, ಅಂಥ ತಂದೆಯನ್ನು ಬಿಟ್ಟು ಹೋದಳು ಎಂದು ಊರು ಆಡಿಕೊಂಡಿತ್ತು. ಹಾಗೆ ಆಡಿಕೊಂಡವರಲ್ಲಿ ನಾನೂ ಒಬ್ಬಳು, ಈಗ ಹೇಳಿಕೊಳ್ಳಲು ನಾಚಿಕೆಯಾಗುತ್ತದೆ. ಮೇಷ್ಟ್ರು ಪುಸ್ತಕ ಕಳಿಸುತ್ತಾರಂತೆ, ಮೊಬೈಲು ಒಂದು ದಿನದ ಮಟ್ಟಿಗೆ ಕೊಡಮ್ಮ ಎಂದೆ. ಅವಳು ಮಿಷನ್ ತುಳಿಯುವುದನ್ನು ನಿಲ್ಲಿಸಿ ಬಹಳ ಹೊತ್ತು ದಾರದುಂಡೆಗಳ ನಡುವೆ ಇದ್ದ ಮೊಬೈಲನ್ನೇ ನೋಡಿದಳು.

ಆಮೇಲೆ ಹೇಳಿದಳು. ಹತ್ತೊಂಬತ್ತರಲ್ಲಿ ಅವಳೊಂದು ಪುಸ್ತಕ ಬರೆದಿದ್ದಳಂತೆ, ಮನೆಯ ಕಂಪ್ಯೂಟರಿನಲ್ಲಿ. ತಾಯಿಯ ವಿಷಯ. ಊರಿನಲ್ಲಿ ಬೆತ್ತ ಮುಟ್ಟದ ಮೇಷ್ಟ್ರು ಮನೆಯಲ್ಲಿ ಏನೇನು ಕೈಗೆತ್ತಿಕೊಳ್ಳುತ್ತಿದ್ದರು ಎಂಬ ವಿಷಯ. ತಾಯಿ ತೀರಿಕೊಂಡ ಮೂರನೇ ತಿಂಗಳು ಒಂದು ಭಾನುವಾರ ಅವಳು ಸೋದರತ್ತೆಯನ್ನು ಮಾತಾಡಿಸಿಕೊಂಡು ವಾಪಸು ಬಂದು ನೋಡಿದರೆ ಪುಸ್ತಕದ ಹೆಸರಿದೆ, ಒಳಗೆ ಏನೂ ಇಲ್ಲ. ಅಪ್ಪನನ್ನು ಕೇಳಿದಳು. ಯಂತ್ರ ಕೆಟ್ಟಿದೆ ಎಂದರಂತೆ. ಇಪ್ಪತ್ತೊಂದು ವರ್ಷದಲ್ಲಿ ದಾರಿಯಲ್ಲೋ ಫೋನಿನಲ್ಲೋ ನಾಲ್ಕು ಸಲ ಕೇಳಿದ್ದಾಳೆ, ನಾಲ್ಕು ಸಲವೂ ಯಂತ್ರವೇ ಕೆಟ್ಟಿತ್ತು.

"ಪುಸ್ತಕ ಹೋಯ್ತು, ಹೋಗ್ಲಿ ಅನಸೂಯಕ್ಕ. ನಾನೇ ಮಾಡ್ದೆ ಅಂತ ಅವರ ಬಾಯಲ್ಲಿ ಒಂದ್ಸಲ ಬಂದ್ರೆ ಸಾಕು. ಒಂದೇ ಒಂದು ಮಾತು. ಅದಿದ್ರೆ ನಾನು ಈಗ್ಲೇ ಎದ್ದು ಆಸ್ಪತ್ರೆಗೆ ಬರ್ತೀನಿ" ಎಂದು ಮೊಬೈಲನ್ನು ನನ್ನ ಕೈಗಿಟ್ಟಳು.

ನಾನು ನಂಬಲಿಲ್ಲ. ದೀಪದ ಬುಡದಲ್ಲಿ ಕತ್ತಲೆ ಎನ್ನುತ್ತಾರೆ, ಗೊತ್ತು. ಆದರೆ ನನ್ನ ಬೆರಳಿನ ಕೆಳಗೆ ಬೆರಳಿಟ್ಟ ಮನುಷ್ಯ ಅವರು. ಹುಡುಗಿ ಏನೋ ತಪ್ಪು ತಿಳಿದಿದ್ದಾಳೆ ಎಂದುಕೊಂಡೇ ಆಸ್ಪತ್ರೆಗೆ ಹೋದೆ.

ಲ್ಯಾಪ್‌ಟಾಪಿಗೂ ಮೊಬೈಲಿಗೂ ಕೇಬಲ್ ಹಾಕಿ ಪುಸ್ತಕ ಸಾಗಿಸಿದೆ. ಅರವತ್ತಮೂರು ಹೋದವು, ಒಂದು ನನ್ನ ಬಾಯಿಗೆ ಬಂತು. ಯಾರಿಗೋ ಕೊಡುವ ಪುಸ್ತಕವಾದರೆ ಉದುರಿದ್ದನ್ನು ಕಳಿಸುವವರಿಗೆ ಹೇಳಬೇಕೋ ಪಡೆಯುವವರಿಗೆ ಹೇಳಬೇಕೋ ಎಂಬ ಪ್ರಶ್ನೆ ಹಿಂದೆಯೂ ಎದ್ದಿತ್ತು. ಕಳಿಸುವವರಿಗೆ ಎಂದು ಹಿರಿಯರು ಕಟ್ಟು ಮಾಡಿದ್ದರು. ನಾನು ಬಗ್ಗಿ ಮೇಷ್ಟ್ರ ಕಿವಿಯಲ್ಲಿ ಹೇಳಿದೆ. ಅದರ ಮಾತುಗಳು ಈಗ ನನ್ನಲ್ಲಿಲ್ಲ. ಅವತ್ತು ಇದ್ದವು. ಹೇಳಿದ ಮೇಲೆ ಬಾಯಿ ಖಾಲಿಯಾಗಬೇಕಿತ್ತು, ಆಗಲಿಲ್ಲ. ಇನ್ನೊಮ್ಮೆ ಹೇಳಿದೆ. ಆದರೂ ಹೋಗಲಿಲ್ಲ. ಅದು ಅವರದಲ್ಲ, ಇಂದ್ರಾಣಿಯದು ಎಂದು ಆಗ ನನಗೆ ತಿಳಿಯಿತು. ಮೇಷ್ಟ್ರಿಗೂ ತಿಳಿಯಿತು.

ಅವರು ನನ್ನ ಕೈ ಹಿಡಿದುಕೊಂಡು ಹೇಳಿದ್ದು ಮಾತ್ರ ಪೂರ್ತಿ ನೆನಪಿದೆ. "ಹೌದು ಕಣಮ್ಮ, ಅವಳ ಪುಸ್ತಕ ಬರಿದು ಮಾಡಿದ್ದು ನಾನೇ. ನೂರ ಎಂಬತ್ತು ವಾಕ್ಯ ಇತ್ತು. ಒಂದನ್ನೂ ಯಾರಿಗೂ ಹೇಳಿಲ್ಲ, ಎಲ್ಲಾ ಇನ್ನೂ ನನ್ನ ಬಾಯಲ್ಲೇ ಇವೆ. ಬಾಯಿ ತೆಗೆದ್ರೆ ಅವೇ ಬರ್ತವೆ, ಅದಕ್ಕೇ ಪಾಠ ಮಾಡೋದು ಬಿಟ್ಟೆ. ಬಂದು ಕೇಳಿಸ್ಕೊ, ಎಲ್ಲಾ ವಾಪಸು ಕೊಡ್ತೀನಿ ಅಂತ ಆ ವಾಕ್ಯದಲ್ಲಿ ಬರೆದಿದ್ದೆ."

ಹಾಗಾದರೆ ಈಗಲೇ ಅವಳನ್ನು ಕರೆತರುತ್ತೇನೆ ಎಂದು ಎದ್ದೆ. ಅವರು ಕೈ ಬಿಡಲಿಲ್ಲ. ಬರೆಯುವಾಗ ಇದ್ದ ಧೈರ್ಯ ಈಗಿಲ್ಲ, ಅವಳ ಮುಂದೆ ಆ ಮಾತುಗಳನ್ನು ನನ್ನ ಬಾಯಿಂದ ಹೇಗೆ ಹೇಳಲಿ ಎಂದರು. ಅದೇ ಉದುರಿದ್ದು ದೇವರು ಮಾಡಿದ ಉಪಕಾರ ಎಂದರು. ಕೊನೆಗೆ, "ಉದುರಿದ್ದು ಉದುರಿಹೋಗ್ಲಿ. ಕಳಿಸಿದವನ ಮಾತೇ ಕೊನೆ, ಅದು ನಿಮ್ಮ ಕಟ್ಟು ಅಲ್ವಾ?" ಎಂದರು. ನಾನು ಹೌದು ಎಂದೆ.

ಮೊಬೈಲು ವಾಪಸು ಕೊಡುವಾಗ ಇಂದ್ರಾಣಿ ಕೇಳಿದ ಮೊದಲ ಪ್ರಶ್ನೆಯೇ ಅದು, ಉದುರಿದ್ದು ಯಾವುದು ಅಂತ. ಕಳಿಸಿದವರಿಗೆ ಹೇಳಿದ್ದೇನೆ ಎಂದೆ. ಮುಖ್ಯವಾದದ್ದಾ ಎಂದಳು. ಗೊತ್ತಿಲ್ಲ ಎನ್ನಬಹುದಿತ್ತು. ಹೇಳಿದ್ದನ್ನು ಮರೆಯುವುದೇ ನಮ್ಮ ಕಸುಬು, ಮರೆತೆ ಎಂದರೂ ನಂಬುತ್ತಿದ್ದಳು. ಆದರೆ ಅವಳ ಮುಖ ನೋಡಿ ನನಗೆ ಗಾಬರಿಯಾಯಿತು. ಅವಳಿಗೆ ಅನುಮಾನವೇ ಬಾರದಂತೆ ಮಾಡಬೇಕು ಅನ್ನಿಸಿತು.

"ಏನಿಲ್ಲಮ್ಮ, ಅದೇನೋ ಅಡುಗೆ ವಿಷಯ ಅಂದ್ರು ಮೇಷ್ಟ್ರು."

ಅಡುಗೆಯೇ ಯಾಕೆ ಬಾಯಿಗೆ ಬಂತೋ. ಅವಳು ಅಲ್ಲೇ ನಿಂತು ಪುಸ್ತಕ ತೆರೆದು ಮೊದಲಿನಿಂದ ಕೊನೆಯವರೆಗೆ ಓದಿದಳು. ಅರವತ್ತಮೂರು ವಾಕ್ಯಕ್ಕೆ ಎಷ್ಟು ಹೊತ್ತು ಬೇಕು. ಓದಿ ಮುಗಿಸಿ, ಮೊಬೈಲನ್ನು ದಾರದುಂಡೆಗಳ ನಡುವೆ ಮಗುಚಿ ಇಟ್ಟು, ಮಿಷನ್ ತುಳಿಯಲು ಶುರುಮಾಡಿದಳು. ಆಸ್ಪತ್ರೆಗೆ ಹೋಗಲಿಲ್ಲ.

ಮೇಷ್ಟ್ರು ಆಮೇಲೆ ನಲವತ್ತೊಂದು ದಿನ ಬದುಕಿದ್ದರು. ಆ ನಲವತ್ತೊಂದು ದಿನ ನನ್ನ ಬಾಯಲ್ಲಿದ್ದದ್ದು ಬಿಸಿ ತುಪ್ಪ, ನುಂಗುವಂತಿಲ್ಲ ಉಗುಳುವಂತಿಲ್ಲ. ಊಟ ಮಾಡುವಾಗ, ಗಿರಾಕಿಗಳಿಗೆ ಬೇರೆ ವಾಕ್ಯ ಹೇಳುವಾಗ ಅದೇ ಮುಂದೆ ಬಂದು ನಿಲ್ಲುತ್ತಿತ್ತು. ಒಬ್ಬರ ಕೃಷಿ ಪುಸ್ತಕದ ವಾಕ್ಯದ ಬದಲು ಅದನ್ನೇ ಅರ್ಧ ಹೇಳಿ ನಾಲಗೆ ಕಚ್ಚಿಕೊಂಡೆ. ಎರಡು ಸಲ ಕೆರೆ ಏರಿಯವರೆಗೆ ಹೋಗಿ ವಾಪಸು ಬಂದೆ. ಹೋಗದಿರಲು ಕಾರಣ ಹುಡುಕುವುದು ಕಷ್ಟವಿರಲಿಲ್ಲ. ಕಟ್ಟು ಮುರಿದರೆ ಯಾರು ನನ್ನ ಅಂಗಡಿಗೆ ಬರುತ್ತಾರೆ ಎಂದುಕೊಂಡೆ. ಸಾಯುವ ಮನುಷ್ಯನಿಗೆ ಕೊಟ್ಟ ಮಾತು ಎಂದುಕೊಂಡೆ. ನಿಜ ಹೇಳಬೇಕೆಂದರೆ ಊರಿನವರ ಬಾಯಲ್ಲಿ ನನ್ನ ಮೇಷ್ಟ್ರು ಬೇರೆಯಾಗುವುದು ನನಗೆ ಬೇಕಿರಲಿಲ್ಲ. ನನಗೆ ಓದು ಕಲಿಸಿದ ಕೈಯನ್ನು ನಾನು ಕಾಪಾಡುತ್ತಿದ್ದೆ. ಆ ಕೈ ಇನ್ನೇನು ಮಾಡಿತ್ತು ಎಂದು ಗೊತ್ತಾದ ಮೇಲೂ.

ಒಂದು ಸಲ ಮಾತ್ರ ಆಸ್ಪತ್ರೆಗೆ ಹೋಗಿ, ನೀವೇ ಅವಳನ್ನು ಕರೆಸಿ ಹೇಳಿಬಿಡಿ ಮೇಷ್ಟ್ರೇ, ನನ್ನ ಕೈಲಿ ಆಗುತ್ತಿಲ್ಲ ಎಂದು ಬೇಡಿಕೊಂಡೆ. ಅವರು ಗೋಡೆ ಕಡೆ ತಿರುಗಿದರು. ಸ್ವಲ್ಪ ಹೊತ್ತಿಗೆ ನಿದ್ದೆಯೋ ಎಚ್ಚರವೋ ತಿಳಿಯದಂತೆ ಗೊಣಗಲು ಶುರುಮಾಡಿದರು. ಮತ್ತೆ ಅಮ್ಮ, ನೀರು, ಬಾಗಿಲು. ಈ ಸಲವೂ ಲೋಟ ಹಿಡಿದೆ. ಈ ಸಲ ಕುಡಿಯಲಿಲ್ಲ. ಲೋಟವನ್ನು ಕಿಟಕಿಯಲ್ಲಿಟ್ಟು ಬಂದೆ.

ಅವರ ಮಣ್ಣಿಗೆ ಊರೆಲ್ಲ ಬಂದಿತ್ತು. ಇಂದ್ರಾಣಿಯೂ ಬಂದಿದ್ದಳು, ಹಿಂದೆ ನಿಂತಿದ್ದಳು. ದೇವರಂಥ ಮನುಷ್ಯ ಎಂದು ನಾಲ್ಕು ಜನ ನಾಲ್ಕು ಸಲ ಹೇಳಿದರು. ನೂರ ಎಂಬತ್ತು ವಾಕ್ಯ ಮಣ್ಣಿಗೆ ಹೋಗುತ್ತಿರುವುದು ಅಲ್ಲಿ ನನ್ನೊಬ್ಬಳಿಗೇ ಗೊತ್ತಿತ್ತು. ನನಗೆ ಅಳು ಬರಲಿಲ್ಲ. ಭಯವಾಯಿತು.

ಹದಿನೈದು ದಿನ ಕಳೆದ ಮೇಲೆ ಒಂದು ಮಧ್ಯಾಹ್ನ ಇಂದ್ರಾಣಿ ಅಂಗಡಿಗೆ ಬಂದಳು. ಕೈಯಲ್ಲಿ ಎರಡು ಮೊಬೈಲು, ನೋಟ್‌ಬುಕ್ಕು ಇರಲಿಲ್ಲ. ಅಪ್ಪನ ಪುಸ್ತಕ ಬರಿದು ಮಾಡಿಕೊಡಿ ಎಂದಳು. ನಾನು ಬೇಡ ಎಂದೆ, ನಾಲ್ಕು ದಿನ ಬಿಟ್ಟು ಯೋಚನೆ ಮಾಡು ಎಂದೆ. ಯೋಚನೆ ಮಾಡಲು ಅದರಲ್ಲಿ ಏನಿದೆ ಎಂದಳು. ಕಳಿಸಿದ್ದು ನೀವು, ಬರಿದು ಮಾಡುವವರೂ ನೀವೇ ಆಗಲಿ, ಇಲ್ಲವಾದರೆ ನನ್ನ ಕೈಯಲ್ಲೇ ಮಾಡುತ್ತೇನೆ, ಆದರೆ ಅವರ ಮಾತು ನನ್ನ ಬಾಯಲ್ಲಿ ಕೂರುವುದು ಬೇಡ ಎಂದಳು. ನಾನು ಮೇಜಿನ ಖಾನೆಯಿಂದ ಹಾಳೆ, ಪೆನ್ನು ತೆಗೆದು ಅವಳ ಮುಂದಿಟ್ಟೆ. ಅವಳು ಅವನ್ನು ಹಾಗೇ ನನ್ನ ಕಡೆ ಸರಿಸಿದಳು.

ಎರಡು ಮೊಬೈಲನ್ನೂ ಎದುರುಬದುರು ಇಟ್ಟು ಶುರುಮಾಡಿದೆ. ಅತ್ತ ಕಳಿಸಿದೆ, ಒಂದು ಉದುರಿತು, ಹೇಳಿದೆ, ಮರೆತೆ. ಇತ್ತ ಕಳಿಸಿದೆ, ಇನ್ನೊಂದು ಉದುರಿತು. ಆ ಅರವತ್ತಮೂರರಲ್ಲಿ ಒಂದೂ ಈಗ ನನ್ನಲ್ಲಿಲ್ಲ. ಅವಳ ಮುಖ ಮಾತ್ರ ಇದೆ. ಒಂದಕ್ಕೆ ಅವಳು ನಕ್ಕಳು. ಒಂದಕ್ಕೆ 'ಸುಳ್ಳು' ಎಂದಳು. ಒಂದಕ್ಕೆ ಬಳೆ ಹಿಂದೆ ಸರಿಸಿ ಮೊಣಕೈಯ ಹತ್ತಿರದ ಹಳೇ ಗಾಯದ ಗುರುತನ್ನು ಸವರಿಕೊಂಡಳು. ಇಪ್ಪತ್ತು ಆದ ಮೇಲೆ ಕಿಟಕಿಯ ಹೊರಗೆ ನೋಡುತ್ತ ಕೂತಳು. ಕೇಳಿಸಿಕೊಳ್ಳುತ್ತಿದ್ದಳು ಮಾತ್ರ.

ಪ್ರತಿ ಸಲ ಗುಂಡಿ ಒತ್ತುವ ಮುಂಚೆ, ಇದಾದ ಮೇಲೆ ಹೇಳಿಬಿಡುತ್ತೇನೆ ಎಂದುಕೊಂಡೆ. ಹತ್ತಕ್ಕೆ ಅಂದುಕೊಂಡೆ, ಮೂವತ್ತಕ್ಕೆ ಅಂದುಕೊಂಡೆ. ಹೇಳಿದರೆ ಅಡುಗೆ ವಿಷಯ ಎಂದ ನನ್ನ ಸುಳ್ಳೂ ಹೊರಗೆ ಬರಬೇಕು. ಐವತ್ತಾಯಿತು. ಪಕ್ಕದ ಹೋಟೆಲಿನ ಮುನಾವರ್ ಚಹಾ ತಂದಿಟ್ಟು ಹೋದ, ಇಬ್ಬರದೂ ಕೆನೆಗಟ್ಟಿತು. ಅರವತ್ತಮೂರನೆಯದು ಉದುರಿದಾಗ ಪರದೆಯ ಮೇಲೆ 'ಇಂದ್ರಾಣಿಗೆ' ಎಂಬ ಹೆಸರು ಮಾತ್ರ ಉಳಿಯಿತು. ಆ ವಾಕ್ಯವನ್ನೂ ಹೇಳಿದೆ. ಅವಳು ಎದ್ದು ಸೆರಗು ಸರಿಮಾಡಿಕೊಂಡು, "ಮುಗೀತಲ್ವಾ?" ಎಂದಳು.

ಮುಗಿದಿಲ್ಲ, ಒಂದಿದೆ ಎಂದೆ. ಹೇಳಿದೆ.

ಹೇಳುತ್ತಿದ್ದ ಹಾಗೇ ಅದು ಹೋಯಿತು. ಇಷ್ಟು ದಿನ ನಾಲಗೆಯನ್ನು ಸುಡುತ್ತಿದ್ದದ್ದು ಯಾವ ಮಾತಿನಿಂದ ಶುರುವಾಗುತ್ತಿತ್ತು ಎಂಬುದೂ ಈಗ ಗೊತ್ತಿಲ್ಲ. ಬಾಯಿ ಹಗುರವಾಯಿತು. ಇಂದ್ರಾಣಿ ನಿಂತಿದ್ದವಳು ಹಾಗೇ ಸ್ಟೂಲಿನ ಮೇಲೆ ಕೂತಳು. ಸರಿಸಿದ್ದ ಹಾಳೆಯನ್ನು ಎಳೆದುಕೊಂಡಳು, ಪೆನ್ನು ಹಿಡಿದಳು, ಬರೆಯಲಿಲ್ಲ.

"ಇನ್ನೊಂದ್ಸಲ ಹೇಳಿ."

ಆಗುವುದಿಲ್ಲ ಎಂದು ಅವಳಿಗೂ ಗೊತ್ತಿತ್ತು. ಹಾಗಾದರೆ ಉಳಿದವು ಎಂದಳು. ಉಳಿದ ಅರವತ್ತಮೂರೂ ಈಗ ಬೇಕು ಎಂದಳು, ಅವನ್ನೆಲ್ಲ ಬೇರೆ ಥರ ಕೇಳಬೇಕಿತ್ತು ಎಂದಳು. ನನ್ನ ಹತ್ತಿರ ಒಂದೂ ಇರಲಿಲ್ಲ. ಅವಳು ಎರಡೂ ಮೊಬೈಲು ತೆರೆದು ನೋಡಿದಳು. ಒಂದರಲ್ಲಿ ಹೆಸರಿತ್ತು, ಅಷ್ಟೆ.

ಆಮೇಲೆ, ನನ್ನ ಮೊಬೈಲಿಗೆ ಈ ಪುಸ್ತಕ ಹಾಕಿದ್ದು ಯಾವತ್ತು ಎಂದು ಕೇಳಿದಳು. ದಿನ ಹೇಳಿದೆ. ಅವಳು ಬೆರಳು ಮಡಚಿ ಮಡಚಿ ಎಣಿಸಿದಳು, ಬೆರಳು ಸಾಲದೆ ಗೋಡೆಯ ಕ್ಯಾಲೆಂಡರಿನ ಹಾಳೆ ತಿರುವಿ ಎಣಿಸಿದಳು. ನಲವತ್ತೊಂದು ಎಂದು ನಾನೇ ಹೇಳಿಬಿಡಬಹುದಿತ್ತು. ಅವಳಾಗಿ ಅಲ್ಲಿಗೆ ಬರುವವರೆಗೂ ಸುಮ್ಮನೆ ನಿಂತಿದ್ದೆ. ಅವಳು ಕ್ಯಾಲೆಂಡರಿನ ಕಡೆಯೇ ಮುಖ ಮಾಡಿಕೊಂಡು, ದನಿ ಏರಿಸದೆ, "ಅಡುಗೆ ವಿಷಯ ಅಂದಿದ್ರಿ" ಎಂದಳು.

ನನ್ನ ತಪ್ಪು, ಕ್ಷಮಿಸು ಎಂದೆ. ಅವಳು ಕ್ಷಮಿಸಲೂ ಇಲ್ಲ, ಬಯ್ಯಲೂ ಇಲ್ಲ. ಹೋಗುವಾಗ ಎರಡು ಮೊಬೈಲಿನಲ್ಲಿ ಒಂದನ್ನು ಮೇಜಿನ ಮೇಲೆಯೇ ಬಿಟ್ಟು ಹೋದಳು. ಕರೆದೆ, ತಿರುಗಲಿಲ್ಲ. ಆ ಮೊಬೈಲು ಎರಡು ತಿಂಗಳು ನನ್ನ ಖಾನೆಯಲ್ಲಿತ್ತು. ಆಗಾಗ ಚಾರ್ಜು ಹಾಕಿ ಇಡುತ್ತಿದ್ದೆ, ಯಾಕೆಂದು ಕೇಳಿದರೆ ಗೊತ್ತಿಲ್ಲ.

ಆ ಎರಡು ತಿಂಗಳಲ್ಲಿ ಅಂಗಡಿಯ ಕಟ್ಟು ಬದಲಾಯಿಸಿದೆ. ಕೊಡುವ ಪುಸ್ತಕವಾದರೆ ಉದುರಿದ್ದನ್ನು ಪಡೆಯುವವರಿಗೇ ಹೇಳಲಾಗುವುದು ಎಂದು ಬೋರ್ಡಿನ ಕೆಳಗೆ ಸೇರಿಸಿದೆ. ಯಾರೂ ಗಮನಿಸಲಿಲ್ಲ. ಪದ್ಮನಾಭ ಶೆಟ್ಟರು ಮಾತ್ರ ನಿಂತು ಓದಿ, ಬಣ್ಣ ಚೆನ್ನಾಗಿದೆ ಎಂದರು. ಕೋಟೆ ಸೂರೆಹೋದ ಮೇಲೆ ದಿಡ್ಡಿ ಬಾಗಿಲು ಹಾಕಿದವಳು ನಾನು, ಬಣ್ಣ ಚೆನ್ನಾಗಿದ್ದರೇನು.

ಅವಳು ಮತ್ತೆ ಬಂದದ್ದು ಮೊಬೈಲಿಗಾಗಿ ಅಲ್ಲ. ಬಾಗಿಲಲ್ಲೇ ನಿಂತು, ನೀವು ಅಪ್ಪನನ್ನು ಆಸ್ಪತ್ರೆಯಲ್ಲಿ ಎಷ್ಟು ಸಲ ನೋಡಿದಿರಿ ಎಂದು ಕೇಳಿದಳು. ಮೂರು ಸಲ ಎಂದೆ. ಏನಾದರೂ ಹೇಳುತ್ತಿದ್ದರಾ, ನಿಮಗೆ ಅಂತಲ್ಲ, ಅವರಷ್ಟಕ್ಕೆ, ನಿದ್ದೆಗಣ್ಣಲ್ಲಿ, ಏನಾದರೂ ಎಂದಳು. ಇಲ್ಲಮ್ಮ, ಮಾತೇ ಇರಲಿಲ್ಲ, ಒಂದೆರಡು ಸಲ ನೀರು ಬೇಕೆಂದು ಬಡಬಡಿಸಿದರು ಅಷ್ಟೆ ಎಂದು ಹೇಳುತ್ತ ಹೇಳುತ್ತ ನನಗೆ ಹೊಳೆಯಿತು. ಮೇಷ್ಟ್ರು ಮಾತಾಡುವಾಗ ಕಣಮ್ಮ, ಹೋಗ್ಲಿ ಎನ್ನುತ್ತಿದ್ದವರು. ಆ ಒಂದನ್ನು ಮಾತ್ರ ಪುಸ್ತಕದ ಹಾಗೆ ಒಪ್ಪಿಸಿದ್ದರು. ಅವರಿಗೆ ಬೇಕಿದ್ದದ್ದು ನೀರಲ್ಲ. ಇಪ್ಪತ್ತೊಂದು ವರ್ಷ ತಡೆದು ಹಿಡಿದದ್ದರಲ್ಲಿ ಒಂದು ವಾಕ್ಯ ಎರಡು ಸಲ ಹೊರಗೆ ಜಾರಿತ್ತು, ನಾನು ಎರಡು ಸಲವೂ ಅದಕ್ಕೆ ಲೋಟ ಹಿಡಿದಿದ್ದೆ.

ಒಳಗೆ ಬಾ, ಕೂತುಕೊ ಎಂದೆ. ಅವಳು ಕೂತಳು. ಹಾಳೆ ಕೊಡಲಾ ಎಂದೆ, ಬೇಡವೆಂದು ತಲೆಯಾಡಿಸಿದಳು.

"ಅಮ್ಮ ನೀರು ಕುಡಿಯುವಾಗಲೂ ಬಾಗಿಲಿನ ಕಡೆ ನೋಡುತ್ತಾಳೆ."

ಇಂದ್ರಾಣಿಯ ಮುಖದಲ್ಲಿ ಗುರುತು ಹಿಡಿದ ಲಕ್ಷಣ ಕಾಣಲಿಲ್ಲ. "ಬರೆದಿದ್ದು ನೆನಪೇ ಇಲ್ಲ ಅಕ್ಕ. ಆದ್ರೆ ಅಮ್ಮ ಹಾಗೇ ಕುಡೀತಿದ್ಲು" ಎಂದಳು. ಆಮೇಲೆ, ಆಗುವುದಿಲ್ಲ ಎಂದು ಗೊತ್ತಿದ್ದೂ ಕೇಳುವವಳ ಹಾಗೆ, ನನ್ನನ್ನು ನೋಡದೆ, ಇನ್ನೊಂದು ಸಲ ಹೇಳಿ ಎಂದಳು.

ನಾನು ಬಾಯಿ ತೆರೆದೆ. ಅದು ಅಲ್ಲೇ ಇತ್ತು. ಸಾಗಿಸುವಾಗ ಬಾಯಿಗೆ ಬಂದದ್ದಲ್ಲ, ಎಲ್ಲರಂತೆ ನಾನೂ ಕಿವಿಯಿಂದ ಕೇಳಿಸಿಕೊಂಡದ್ದು, ಹಾಗಾಗಿ ಹೋಗಿರಲಿಲ್ಲ. ಹೇಳಿದೆ. ಮತ್ತೆ ಹೇಳಿ ಎಂದಳು, ಮತ್ತೆ ಹೇಳಿದೆ.

ಈಗಲೂ ತಿಂಗಳಿಗೊಮ್ಮೆ ಬರುತ್ತಾಳೆ. ಗಿರಾಕಿಗಳಿದ್ದರೆ ಅವರು ಹೋಗುವವರೆಗೆ ಸ್ಟೂಲಿನ ಮೇಲೆ ಕೂತಿರುತ್ತಾಳೆ. ನನ್ನೊಡನೆ ಬೇರೆ ಮಾತಾಡುವುದಿಲ್ಲ, ಚಹಾ ಕೊಟ್ಟರೆ ಕುಡಿಯುವುದಿಲ್ಲ. ಎಲ್ಲರೂ ಹೋದ ಮೇಲೆ ನಾನು ಆ ವಾಕ್ಯ ಹೇಳುತ್ತೇನೆ. ಅವಳು ಕೇಳಿಸಿಕೊಂಡು ಎದ್ದು ಹೋಗುತ್ತಾಳೆ. ಬರೆದುಕೊಂಡುಬಿಡಮ್ಮ, ನನಗೂ ವಯಸ್ಸಾಗುತ್ತಿದೆ ಎಂದು ಪ್ರತಿ ಸಲವೂ ಹೇಳಬೇಕೆಂದುಕೊಳ್ಳುತ್ತೇನೆ. ಬರೆದುಕೊಂಡರೆ ಆಮೇಲೆ ಬರುವುದಿಲ್ಲವಲ್ಲ ಎಂದು ಸುಮ್ಮನಾಗುತ್ತೇನೆ.